ಖಾಲಿ ಗಾಡಿಯ ಬ್ರೇಕು, ಭಜನಾ ಮಂಡಳಿಯ ಭಾರ

ಗಾಡಿ ಇಟ್ಟುಕೊಂಡವರಲ್ಲಿ ಎರಡು ಪಂಗಡ. ಹೊಸದೊಂದು ಸದ್ದು ಕೇಳಿದ ಕೂಡಲೇ ಇಳಿದು, ಬಗ್ಗಿ ನೋಡುವವರದು ಒಂದು. ರೇಡಿಯೋ ಜೋರು ಮಾಡುವವರದು ಇನ್ನೊಂದು. ನಾನು ಎರಡನೆಯ ಪಂಗಡದವನು. ಅದಕ್ಕಾಗಿ ನಾಚಿಕೆಯೇನೂ ಇಲ್ಲ. ಎಷ್ಟೋ ಸದ್ದುಗಳು ತಾವಾಗಿಯೇ ನಿಂತುಹೋದದ್ದನ್ನು ಕಂಡಿದ್ದೇನೆ. ಕೆಲವು ಸಲ ಗಾಡಿಯೂ ಜೊತೆಗೇ ನಿಂತಿದೆ, ಆ ಮಾತು ಬೇರೆ. ಆದರೆ ನಮ್ಮ ಪಿಕಪ್ಪಿನ ಬ್ರೇಕಿಗೆ ಬಂದದ್ದು ಸದ್ದಿಲ್ಲದ ರೋಗ. ಅದಕ್ಕೆ ರೇಡಿಯೋದಲ್ಲಿ ಮದ್ದಿರಲಿಲ್ಲ.

ನಾವು ಮೂಲತಃ ಧಾರವಾಡದ ಕಡೆಯವರು. ಪುಣೆಯ ಹಡಪ್ಸರದಲ್ಲಿ ನೆಲೆಸಿ ಕೂದಲು ಬೆಳ್ಳಗಾಗಿವೆ. ಮದುವೆ, ಮುಂಜಿವೆ, ಸೀಮಂತಗಳಿಗೆ ದೊಡ್ಡ ದೊಡ್ಡ ಪಾತ್ರೆಗಳನ್ನು ಬಾಡಿಗೆಗೆ ಕೊಡುವುದು ನಮ್ಮ ಉದ್ಯೋಗ. ನಮ್ಮ ಎಂದರೆ ಹೆಂಡತಿ ಸುಮಂಗಲಾಳದು. ಪಾತ್ರೆ ಏರಿಸಿ, ಇಳಿಸಿ, ಗಾಡಿ ಓಡಿಸುವುದಷ್ಟೇ ನನ್ನ ಪಾಲು. ಹಳೆಯ ಪಿಕಪ್ಪು ಅವಳ ತಮ್ಮ ಬಸವರಾಜನದು. ಅವನು ದೇಹೂ ರೋಡಿನಲ್ಲಿ ಇಟ್ಟಂಗಿ ಸಾಗಿಸುತ್ತಿದ್ದವನು. ಹೊಸ ಲಾರಿ ಬಂದಾಗ ಇದನ್ನು ಅಕ್ಕನ ಮನೆಗೆ ಬಿಟ್ಟುಹೋದ. ಇಟ್ಟಂಗಿಯ ಭಾರ ತಡೆಯಲೆಂದು ಹಿಂದಿನ ಗಾಲಿಗಳ ಮೇಲಿನ ಕಮಾನುಪಟ್ಟಿಗಳಿಗೆ ಅವನು ಇನ್ನೂ ಒಂದೊಂದು ಪಟ್ಟಿ ಸೇರಿಸಿದ್ದ. ಹೀಗಾಗಿ ನಮ್ಮ ಗಾಡಿ ಸದಾ ಹಿಂಭಾಗ ಎತ್ತಿಕೊಂಡೇ ನಿಂತಿರುತ್ತಿತ್ತು, ಸಿಟ್ಟಿಗೆದ್ದ ಬಾತುಕೋಳಿಯ ಹಾಗೆ. ಅದು ಗಾಡಿಯ ಸ್ವಭಾವ ಎಂದುಕೊಂಡು ನಾನು ಸುಮ್ಮನಿದ್ದೆ.

ಒಂದು ಮಧ್ಯಾಹ್ನ ಶಿವಾಜಿನಗರದ ಸಿಗ್ನಲ್ಲಿನಲ್ಲಿ ಸ್ವಭಾವ ಬಯಲಾಯಿತು. ತುಂತುರು ಮಳೆ. ಮುಂದೆ ಸ್ಕೂಟರಿನ ಮೇಲೆ ಕಾಲೇಜಿನ ಹುಡುಗಿಯೊಬ್ಬಳು. ದೀಪ ಕೆಂಪಾಯಿತು, ಅವಳು ನಿಂತಳು, ನಾನು ಬ್ರೇಕು ಒತ್ತಿದೆ. ಗಾಡಿ ಮೂಗು ನೆಲಕ್ಕೆ ತಾಗಿಸುವಂತೆ ಬಾಗಿ ಜಾರುತ್ತಲೇ ಹೋಯಿತು. ಹಿಂದಿದ್ದ ಹಂಡೆಗಳೆಲ್ಲ ಒಟ್ಟಾಗಿ ಬಂದು ಕ್ಯಾಬಿನ್ನಿಗೆ ಗುದ್ದಿದವು. ಪಕ್ಕದಲ್ಲಿ ಕೂತಿದ್ದ ಸುಮಂಗಲಾಳ ಹಣೆ ಮುಂದಿನ ಹಲಗೆಗೆ ಬಡಿಯಿತು. ಗಾಡಿ ನಿಂತಾಗ ಅದಕ್ಕೂ ಸ್ಕೂಟರಿಗೂ ನಡುವೆ ಒಂದು ಗೇಣು ಇತ್ತು. ಹುಡುಗಿ ತಿರುಗಿ ನೋಡಿ, ಕಾಕಾ ನಿದ್ದೆ ಹೋಗಿದ್ದೀರಾ ಎಂದು ಮರಾಠಿಯಲ್ಲಿ ಕೇಳಿದಳು. ಮನೆ ಮುಟ್ಟಿ ಇಳಿಯುವಾಗ ಹೆಂಡತಿಯ ಹಣೆಯ ಮೇಲೆ ಗೋಲಿಯಷ್ಟು ಬಾವು ಎದ್ದಿತ್ತು.

“ಇದು ಸರಿ ಆಗೂತನಾ ನಾ ಈ ಗಾಡ್ಯಾಗ ಕೂಡಂಗಿಲ್ಲ. ಸಾಸವಡದ ನಿಶ್ಚಿತಾರ್ಥಕ್ಕ ನೀವ ಒಬ್ಬರ ಹೋಗ್ರಿ,” ಎಂದಳು. ಒಳಗೆ ಹೋಗುತ್ತ ತಿರುಗಿ ನೋಡಿ, “ಬ್ಯಾಡ. ನೀವೂ ಹೋಗಬ್ಯಾಡ್ರಿ,” ಎಂದಳು.

ಸಾಸವಡಕ್ಕೆ ಹೋಗಬೇಕಾದರೆ ದಿವೇ ಘಾಟು ಹತ್ತಬೇಕು. ಹತ್ತುವುದು ದೊಡ್ಡ ಮಾತಲ್ಲ, ಇಳಿಯಬೇಕಲ್ಲ. ನಿಶ್ಚಿತಾರ್ಥ ಬರುವ ಭಾನುವಾರವೇ ಇತ್ತು, ಪಾತ್ರೆಗಳ ಜೊತೆಗೆ ಅಡುಗೆಯ ಅಕ್ಕಿ ಬೇಳೆಯನ್ನೂ ನಾವೇ ಒಯ್ಯಬೇಕಿತ್ತು.

ಪಕ್ಕದ ಓಣಿಯ ಮೆಕ್ಯಾನಿಕ್ ಶಿಂದೆ ಮೊದಲು ಬ್ರೇಕಿನ ಎಣ್ಣೆ ಬದಲಿಸಿದ. ಗುಣವಾಗಲಿಲ್ಲ. ಆಮೇಲೆ ಗಾಲಿ ಬಿಚ್ಚಿ ಒಳಗಿನದನ್ನೆಲ್ಲ ಹೊಸದು ಹಾಕಿದ. ಆಗಲೂ ಮೂಗು ಬಾಗುವುದು ನಿಲ್ಲಲಿಲ್ಲ. ಮೂರನೆಯ ಸಲ ಅವನೂ ತಲೆ ಕೆರೆದುಕೊಳ್ಳುತ್ತ ಗಾಡಿಯ ಕೆಳಗೆ ಮಲಗಿ, ನನ್ನನ್ನೂ ಕರೆದ. ಹಿಂದಿನ ಅಚ್ಚಿನ ಮೇಲ್ಗಡೆ ಮುಷ್ಟಿಗಾತ್ರದ ಕಬ್ಬಿಣದ ಗಂಟೊಂದಿತ್ತು. ಅದರಿಂದ ಹೊರಟ ಸ್ಪ್ರಿಂಗು, ಕಡ್ಡಿಯೊಂದರ ಮೂಲಕ ಅಚ್ಚಿಗೆ ಬಿಗಿದುಕೊಂಡಿತ್ತು. ಅವನು ಅದನ್ನು ಲೋಡ್ ವಾಲ್ವ್ ಎಂದ. ಗಾಡಿ ತುಂಬಿ ತಗ್ಗಿದಾಗ ಸ್ಪ್ರಿಂಗು ಬಿಗಿಯಾಗಿ ಹಿಂದಿನ ಗಾಲಿಗಳಿಗೆ ಬ್ರೇಕು ಹೆಚ್ಚು ಸಿಗುತ್ತದೆ, ಗಾಡಿ ಖಾಲಿಯಾಗಿ ಎದ್ದಾಗ ಕಡಿಮೆ. ಹೆಚ್ಚುವರಿ ಪಟ್ಟಿಗಳಿಂದ ನಮ್ಮ ಗಾಡಿ ಯಾವಾಗಲೂ ಎದ್ದೇ ಇರುವುದರಿಂದ, ಇದು ಖಾಲಿಗಿಂತಲೂ ಖಾಲಿ ಎಂದು ವಾಲ್ವು ನಂಬಿಬಿಟ್ಟಿದೆ. ಹಿಂದಿನ ಬ್ರೇಕು ಹೆಸರಿಗಷ್ಟೇ ಇದೆ.

ನನ್ನ ಗೊಂದಲ ಶುರುವಾದದ್ದು ಇಲ್ಲಿಂದ. ಬ್ರೇಕನ್ನು ಬೇಕೆಂದೇ ಕಡಿಮೆ ಮಾಡುವ ಯಂತ್ರವನ್ನು ಯಾರಾದರೂ ಯಾಕೆ ಹಾಕುತ್ತಾರೆ? ಶಿಂದೆ ವಿವರಿಸಿದ: ಖಾಲಿ ಗಾಡಿಯ ಹಿಂದಿನ ಗಾಲಿಗಳು ಹಗುರ, ಜೋರು ಬ್ರೇಕಿಗೆ ಅವು ಕಚ್ಚಿ ನಿಂತರೆ ಗಾಡಿ ಗಿರಕ್ಕನೆ ತಿರುಗಿ ಬಾಲ ಮುಂದಕ್ಕೆ ಬರುತ್ತದೆ. ನಾನು ಹೂಂ ಎಂದೆ. ಮನೆಗೆ ಬರುವಷ್ಟರಲ್ಲಿ ಕಚ್ಚುವುದು ಹಿಂದಿನ ಗಾಲಿಯೋ ಮುಂದಿನದೋ ಮರೆತಿತ್ತು. ಬಸವರಾಜನಿಗೆ ಫೋನು ಮಾಡಿದರೆ, “ಆ ವಾಲ್ವ ಕಿತ್ತ ಒಗೀರಿ ಮಾಮಾ. ನಾ ಇಟ್ಟಂಗಿ ಹೇರಿ ಹೊಡೀತಿದ್ದೆ, ಭಾಳ ಛಲೋ ನಿಲ್ತಿತ್ತು,” ಎಂದ. ಭಾರ ಹೇರಿದಾಗ ಚೆನ್ನಾಗಿ ನಿಲ್ಲುವ ಗಾಡಿ ಹಗುರವಿದ್ದಾಗ ನಿಲ್ಲುವುದಿಲ್ಲ ಎಂದರೆ, ಘಾಟಿನಲ್ಲಿ ಇಟ್ಟಂಗಿ ಹೇರಿಕೊಂಡೇ ಇಳಿಯಬೇಕೇ ಎಂದು ನಾನು ನಿಜಕ್ಕೂ ಯೋಚಿಸಿದೆ.

ಗುರುವಾರ ಶಿಂದೆ ನಟ್ಟು ತಿರುಗಿಸುವ ಪಾನಾ ಹಿಡಿದು ನಮ್ಮ ಮನೆಗೇ ಬಂದ. ಗಾಡಿಯ ಬಾಗಿಲ ಒಳಗಿನ ತಗಡಿನಲ್ಲಿ ಹಿಂದೆ ಎಷ್ಟು ಭಾರವಿದ್ದರೆ ಸ್ಪ್ರಿಂಗು ಎಷ್ಟು ಉದ್ದವಿರಬೇಕು ಎಂದು ಕೊರೆದಿತ್ತು. ಹಾಗಾಗಿ ಲೆಕ್ಕ ಗೊತ್ತಿರುವ ಭಾರವೊಂದು ಗಾಡಿಯಲ್ಲಿ ಬೇಕು ಎಂದ. ಪಾತ್ರೆಗಳೆಲ್ಲ ಬಾಡಿಗೆಗೆ ಹೋಗಿದ್ದವು, ಅಕ್ಕಿ ಬೇಳೆ ಬರುವುದು ಭಾನುವಾರವೇ. ಅಷ್ಟರಲ್ಲಿ ಸುಮಂಗಲಾಳ ಭಜನಾ ಮಂಡಳಿಯ ಹೆಂಗಸರು ತಾಳ ಹಿಡಿದುಕೊಂಡು ಗೇಟಿನೊಳಗೆ ಬಂದರು. ಶಿಂದೆ ಅವರನ್ನು ನೋಡಿದ, ಗಾಡಿಯನ್ನು ನೋಡಿದ, ನನ್ನನ್ನು ನೋಡಿದ. ಕೇಳುವ ಕೆಲಸ ನನ್ನ ಕೊರಳಿಗೆ ಬಿತ್ತು.

ಏರುವುದಕ್ಕೆ ಯಾರೂ ತಕರಾರು ಮಾಡಲಿಲ್ಲ. ಸ್ಟೂಲು ಹಾಕಿದೆವು, ಜಮಖಾನ ಹಾಸಿದೆವು, ಸುಮಂಗಲಾ ಕೂಡ ಗಾಡಿ ನಿಂತೇ ಇರುತ್ತದೆ ಎಂದು ನನ್ನಿಂದ ಮಾತು ತೆಗೆದುಕೊಂಡು ಹತ್ತಿದಳು. ಗಂಡಸರಾರೂ ಇಲ್ಲದೆ ಚೆನ್ನಾಗಿರುವುದಿಲ್ಲವೆಂದು ನಾನೂ ಹತ್ತಿದೆ. ಆಮೇಲೆ ಶಿಂದೆ ಕೆಳಗಿನಿಂದ ಒಬ್ಬೊಬ್ಬರ ತೂಕ ಕೇಳಿದ. ಹೆಂಗಸರು ತಾಳಗಳನ್ನು ಸೆರಗಿನಿಂದ ಒರೆಸತೊಡಗಿದರು. ಮಂಡಳಿಯ ಹಿರಿಯರಾದ ನೀಲಕ್ಕನವರು, “ಭಾರ ಅದ ಅಂತ ತಿಳ್ಕೋರಿ, ಸಾಕು,” ಎಂದರು. ಅದು ತಗಡಿನ ಲೆಕ್ಕಕ್ಕೆ ಸಾಲದು ಎಂದು ನಾನು ವಿನಯದಿಂದ ಹೇಳಿದೆ. ಕೊನೆಗೆ ಒಬ್ಬರು ಪಿಸುಮಾತಿನಲ್ಲಿ ಒಂದು ಅಂಕಿ ಹೇಳಿದರು. ಪಕ್ಕದವರು ಅದಕ್ಕಿಂತ ಒಂದು ಕಡಿಮೆ ಹೇಳಿದರು. ಹರಾಜು ಉಲ್ಟಾ ನಡೆದ ಹಾಗೆ ಅಂಕಿ ಇಳಿಯುತ್ತ ಇಳಿಯುತ್ತ ನನ್ನವರೆಗೆ ಬಂತು. ನಾನೂ ಗಂಭೀರವಾಗಿ ನನ್ನದನ್ನು ಹೇಳಿದೆ. ಶಿಂದೆ ಕೂಡಿಸಿ, ಸ್ಪ್ರಿಂಗಿನ ನಟ್ಟು ತಿರುಗಿಸಿದ.

ಎಲ್ಲರನ್ನೂ ಇಳಿಸಿ ಶಿಂದೆ ಹಿಂದಿನ ಬಯಲಿನಲ್ಲಿ ಗಾಡಿ ಓಡಿಸಿ ಬ್ರೇಕು ಹಾಕಿದ. ಮೂಗು ಮತ್ತೆ ಬಾಗಿತು, ಮೊದಲಿಗಿಂತ ತುಸು ಕಡಿಮೆ ಅಷ್ಟೇ. ಅವನು ಇಳಿದು ಬಂದು, ವಾಲ್ವಿಗೆ ಹೇಳಿದ ಭಾರ ನಿಜವಾದದ್ದೇ ತಾನೇ ಎಂದು ಮೆಲ್ಲಗೆ ಕೇಳಿದ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನೀಲಕ್ಕನವರೇ ಮೊದಲು ಮುಂದೆ ಬಂದು, ತಾವು ಹೇಳಿದ್ದು ಮಗಳ ಮದುವೆಯ ಹೊತ್ತಿನ ತೂಕ, ಈಗ ಆ ಮಗಳಿಗೇ ಸೊಸೆ ಬಂದಿದ್ದಾಳೆ ಎಂದರು. ಎಲ್ಲರೂ ಎದುರಿನ ದಿನಸಿ ಅಂಗಡಿಗೆ ಹೋಗಿ ಚೀಲ ತೂಗುವ ಕಾಟಾದ ಮೇಲೆ ಸಾಲಾಗಿ ನಿಂತೆವು. ಹೇಳಿದ್ದಕ್ಕೂ ಇದ್ದದ್ದಕ್ಕೂ ನಡುವೆ ಒಂದು ದೊಡ್ಡ ಚೀಲ ಅಕ್ಕಿಯಷ್ಟು ಭಾರ ಕಾಣೆಯಾಗಿತ್ತು. ಅದರಲ್ಲಿ ಅರ್ಧ ಚೀಲ ನನ್ನೊಬ್ಬನದೇ. ಹೆಂಗಸರು ಅಂದಿನ ಭಜನೆಯನ್ನು ಬಹಳ ಉತ್ಸಾಹದಿಂದ ಮಾಡಿದರು. ಶಿಂದೆ ನಮ್ಮನ್ನೆಲ್ಲ ಮತ್ತೆ ಗಾಡಿಯಲ್ಲಿ ಕೂರಿಸಿದ್ದ. ಅವರು ಮೇಲೆ ಹಾಡುತ್ತಿದ್ದರೆ ಅವನು ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದ. ಈ ಸಲ ಬಯಲಿನಲ್ಲಿ ಗಾಡಿ ನೆಟ್ಟಗೆ ನಿಂತಿತು.

ಭಾನುವಾರ ಸುಮಂಗಲಾ ತಾನಾಗಿಯೇ ಬಂದು ಪಕ್ಕದಲ್ಲಿ ಕೂತಳು. ಹೋಗುವಾಗ ತುಂಬಿದ ಗಾಡಿ, ಬರುವಾಗ ಬರೀ ಪಾತ್ರೆ. ಘಾಟಿನ ಇಳಿಜಾರಿನ ತಿರುವಿನಲ್ಲಿ ಕುರಿಮಂದೆಯೊಂದು ರಸ್ತೆಗೆ ಬಂತು, ಮುಂದಿದ್ದ ಬಸ್ಸು ತಟ್ಟನೆ ನಿಂತಿತು. ನಾನು ಒತ್ತಿದೆ. ನಾಲ್ಕೂ ಗಾಲಿಗಳು ಒಟ್ಟಿಗೆ ಕುಳಿತ ಹಾಗೆ ಗಾಡಿ ಸಮನಾಗಿ ತಗ್ಗಿ ನಿಂತಿತು. ಹಿಂದೆ ಒಂದು ಹಂಡೆ ಸಣ್ಣಗೆ ಠಣ್ ಎಂದಿತು, ಅಷ್ಟೇ. ಸುಮಂಗಲಾ ಮುಂದಿನ ಹಲಗೆಯ ಮೇಲೆ ಊರಿದ್ದ ಕೈಗಳನ್ನು ನಿಧಾನವಾಗಿ ತೆಗೆದು, ಚೀಲದಿಂದ ಬೂಂದಿ ಉಂಡೆಯೊಂದನ್ನು ಹೊರತೆಗೆದು ಅರ್ಧ ನನಗೆ ಕೊಟ್ಟಳು. ಕುರಿಗಳೆಲ್ಲ ದಾಟುವವರೆಗೆ ಇಬ್ಬರೂ ತಿನ್ನುತ್ತ ಕೂತೆವು. ಆಮೇಲೆ, ಅದೇನು ವಾಲ್ವು, ಅದು ಮಾಡುವುದಾದರೂ ಏನು ಎಂದು ಕೇಳಿದಳು.

ಇಷ್ಟು ಪ್ರೀತಿಯಿಂದ ಅವಳು ನನ್ನನ್ನು ಏನನ್ನಾದರೂ ಕೇಳಿ ಬಹಳ ಕಾಲವಾಗಿತ್ತು. ಘಾಟಿನ ಬುಡದಿಂದ ಫುರಸುಂಗಿ ದಾಟುವವರೆಗೆ ಸ್ಪ್ರಿಂಗು, ಕಡ್ಡಿ, ಅಚ್ಚು, ಬಾಲ ಒಂದನ್ನೂ ಬಿಡದೆ ವಿವರಿಸಿದೆ. ಅವಳು ಪೂರ್ತಿ ಕೇಳಿದಳು. ನಮ್ಮ ಓಣಿಗೆ ತಿರುಗುವಾಗ, “ಅಂದ್ರ ಭಾರ ಹೆಚ್ಚಾದ್ರ ಹಿಂದ ಬ್ರೇಕ್ ಹೆಚ್ಚು, ಹಗರಾದ್ರ ಕಡಿಮಿ. ಇಷ್ಟ ಹೌದಲ್ರಿ?” ಎಂದಳು.

ಶಿಂದೆ ಹೇಳಿದ್ದೂ ಅದನ್ನೇ. ನಾನು ಅಷ್ಟೂ ದಾರಿ ಹೇಳಿಕೊಂಡು ಬಂದದ್ದು ಅದರ ತದ್ವಿರುದ್ಧ.

“ನಾನೂ ಅದನ್ನ ಹೇಳಿದ್ನಲ್ಲಾ,” ಎಂದೆ.