ಲಂಡನ್ ಅಳತೆಯ ಅಂಗಿಗಳು

ಕಾಮ್ ತೊಂಗ್: ನಮ್ಮನ್ನಾಳೋ ಇಂಗ್ಲಿಷರ ಸಿಪಾಯಿಗಳ ಸಂಬಳಕ್ಕೆ ನಮ್ಮ ತೆರಿಗೆ ಬೇಕು. ನಾವು ಹೊಲಿದ ಅಂಗಿ ಮಾತ್ರ ಬೇಡ. ಇದ್ಯಾವ ನ್ಯಾಯ ಕಣೇ?

ಪುಯ್ ಲಾನ್: ನ್ಯಾಯ ಆಮೇಲೆ ಕೇಳೋಣ ರೀ. ಮೊದಲು ಆ ಪೆಟ್ಟಿಗೆ ಮೇಲಿಂದ ಕಾಲು ತೆಗೀರಿ.

ಹಾಂಗ್‌ಕಾಂಗಿನ ಆ ಒಂಬತ್ತನೇ ಮಹಡಿಯ ಹೊಲಿಗೆ ಕಾರ್ಖಾನೆಯಲ್ಲಿ ಗಂಡ ಹೆಂಡತಿ ನಿಲ್ಲಲೂ ಜಾಗವಿರಲಿಲ್ಲ. ಎಲ್ಲ ಪೆಟ್ಟಿಗೆಗಳಲ್ಲೂ ಇಂಗ್ಲೆಂಡಿಗೆಂದು ಹೊಲಿದ ಅಂಗಿಗಳು. ವರ್ಷಕ್ಕೆ ಇಷ್ಟೇ ಎಂದು ಗೊತ್ತುಮಾಡಿದ ನಿಮ್ಮ ಕೋಟಾ ಮುಗಿಯಿತು, ಈ ವರ್ಷ ಇನ್ನು ಒಂದನ್ನೂ ಕಳಿಸಬೇಡಿ ಎಂದು ಅಲ್ಲಿಂದ ಅಪ್ಪಣೆಯಾಗಿತ್ತು. ಇವು ಮಾರದಿದ್ದರೆ ತಿಂಗಳ ಕೊನೆಗೆ ಕಾರ್ಖಾನೆಗೆ ಬೀಗ.

ಪುಯ್ ಲಾನ್: ಆ ಹೊ ಅನ್ನೋ ಸಾಹುಕಾರನ ಹತ್ರ ಕೋಟಾ ಕೊಂಡ್ಕೊಳ್ಳಿ ಅಂದೆ. ಕೇಳಲಿಲ್ಲ.

ಕಾಮ್ ತೊಂಗ್: ಅವನ ಹತ್ರ ಒಂದು ಸೂಜೀನೂ ಇಲ್ಲ. ಟೀ ಅಂಗಡೀಲಿ ಕೂತು ತನ್ನ ಪಾಲಿನ ಕೋಟಾ ಪರವಾನಗಿ ಮಾರ್ತಾನೆ. ಅಂಗಿಗಿಂತ ಅವನ ಕಾಗದಕ್ಕೇ ರೇಟು ಜಾಸ್ತಿ.

ಪುಯ್ ಲಾನ್: ಹಾಗಾದ್ರೆ ಇಲ್ಲೇ ಬೀದೀಲಿ ಮಾರಿ.

ಕಾಮ್ ತೊಂಗ್: ಯಾರಿಗೆ? ಲಂಡನ್ ಅಳತೆ. ನಮ್ಮವರು ತೊಟ್ರೆ ಅಂಗಿಯೊಳಗೆ ಮನುಷ್ಯನ್ನ ಹುಡುಕಬೇಕು. ನಿನ್ನ ತಮ್ಮ ಹಾಕ್ಕೊಂಡಾಗ ಬೆರಳಾದ್ರೂ ಕಂಡ್ವಾ?

ಪುಯ್ ಲಾನ್: ನನ್ನ ತಮ್ಮನ ಸುದ್ದಿ ಬೇಡ.

ಕಾಮ್ ತೊಂಗ್: ನಮ್ಮ ಬೀದಿ ರೌಡಿನೇ ವಾಸಿ ಕಣೇ. ಮಾಮೂಲು ತಗೊಂಡ್ರೂ ವ್ಯಾಪಾರಕ್ಕೆ ಅಡ್ಡ ಬರಲ್ಲ. ಈ ದೊರೆಗಳು ಕಾವಲು ಅಂತ ದುಡ್ಡೂ ಕೀಳ್ತಾರೆ, ಬಾಗಿಲೂ ಹಾಕ್ತಾರೆ. ಆ ಸಿಪಾಯಿಗಳು ಕಾಯೋದೇನು, ಬಿಯರ್ ಬಾಟಲೀನಾ? ಎಲ್ಲರನ್ನೂ ಹಡಗು ಹತ್ತಿಸಿ ಕಳಿಸಬೇಕು.

ಪುಯ್ ಲಾನ್: ನೀವೇ ಹೇಳಿ ಅವರಿಗೆ. ನಾಳೆ ಇಲ್ಲಿಗೆ ಬರ್ತಿದಾರೆ.

ದೊರೆಗಳನ್ನು ಬೈಯುವಾಗ ಇದ್ದ ಗಂಟಲು ಎಲ್ಲಿ ಅಡಗಿತೋ. ಕಾಮ್ ತೊಂಗ್ ಮೆಲ್ಲಗೆ ಹೋಗಿ ಕಿಟಕಿ ಮುಚ್ಚಿದ.

ಕಾಮ್ ತೊಂಗ್: ಯಾರು ಚಾಡಿ ಹೇಳಿದ್ರು?

ಪುಯ್ ಲಾನ್: ನಿಮ್ಮನ್ನ ಹಿಡ್ಕೊಂಡು ಹೋಗಿ ಅವರೇನು ಮಾಡ್ತಾರೆ? ಬರ್ತಿರೋದು ಅಂಗಿಗೆ. ನಮ್ಮ ಚಿಕ್ಕಮ್ಮ ದಂಡಿನವರ ಬಟ್ಟೆ ಒಗೀತಾಳಲ್ಲ, ಇಸ್ತ್ರಿ ಬಟ್ಟೆ ಜೊತೆ ನಮ್ಮವೂ ನಾಲ್ಕು ಇಟ್ಟಿದ್ಲು. ಅಳತೆ ತೆಗೆದು ಹೊಲಿದ ಹಾಗೆ ಕೂತ್ವಂತೆ. ಅಷ್ಟೂ ಪೆಟ್ಟಿಗೆ ಬೇಕಂತೆ. ಊರೊಳಗಿನ ವ್ಯಾಪಾರ, ಕೋಟಾ ಗೀಟಾ ಏನೂ ಬೇಡ.

ಕಾಮ್ ತೊಂಗ್: ನಮ್ಮ ತೆರಿಗೇಲಿ ಅವರ ಸಂಬಳ, ಆ ಸಂಬಳದಲ್ಲಿ ನಮ್ಮ ಅಂಗಿ. ಅಂದ್ರೆ ನನ್ನ ಅಂಗಿ ನಾನೇ ಕೊಂಡ ಹಾಗಾಯ್ತು.

ಪುಯ್ ಲಾನ್: ಬೇಡ ಅಂತ ಹೇಳಿ ಕಳಿಸಲಾ?

ಕಾಮ್ ತೊಂಗ್: ಸುಮ್ನಿರೇ.

ಪುಯ್ ಲಾನ್: ಹೇಗೂ ನಿಮ್ಮಾಸೆ ತೀರುತ್ತೆ ಬಿಡಿ. ದಂಡು ಕಡಿಮೆ ಮಾಡ್ತಾರಂತೆ, ಪೇಪರಲ್ಲಿತ್ತು.

ಕಾಮ್ ತೊಂಗ್: ಅದು ಹೇಗಾಗುತ್ತೆ? ದಂಡಿಗೆ ಅಂತ ನಮ್ಮ ತೆರಿಗೆ ದುಡ್ಡು ಎಣಿಸಿ ತಗೊಂಡಿಲ್ವಾ? ಕಡಿಮೆ ಮಾಡಲೇಬೇಕು ಅಂದ್ರೆ ದಂಡಲ್ಲಿರೋ ಆ ಗಿಡ್ಡ ಗೂರ್ಖಾಗಳನ್ನ ಕಳಿಸಲಿ. ಉದ್ದ ತೋಳಿನವನು ಒಬ್ಬನೂ ಹಡಗು ಹತ್ತಕೂಡದು.