ಸಿಯೋಲಿನ ಹುಡುಗನಿಗೆ ಐನಾಪುರದಲ್ಲಿ ಅತ್ತದ್ದು

ಕದ್ದು ಸಿಗರೇಟು ಸೇದುವ ಗಂಡಸರು, ಕದ್ದು ಚೀಟಿ ಹಾಕುವ ಹೆಂಗಸರು ಎಲ್ಲ ಊರಲ್ಲೂ ಸಿಗುತ್ತಾರೆ. ಅಂಥವರ ಬಗ್ಗೆ ನಮ್ಮ ಜನಕ್ಕೆ ಒಂದು ಬಗೆಯ ಕರುಣೆಯೂ ಇರುತ್ತದೆ. ನಾನು ಮಾಡುತ್ತಿದ್ದ ಕಳ್ಳ ಕೆಲಸಕ್ಕೆ ಮಾತ್ರ ನಮ್ಮ ಐನಾಪುರದಲ್ಲಿ ಇನ್ನೂ ಹೆಸರೇ ಬಿದ್ದಿರಲಿಲ್ಲ. ನಲವತ್ತು ದಾಟಿದ ವಿಧವೆ, ಸಕ್ಕರೆ ಕಾರ್ಖಾನೆಯೊಂದರ ತೂಕದ ಕಾಟಾದಲ್ಲಿ ಕೂತು ಕಬ್ಬಿನ ಗಾಡಿಗಳ ತೂಕವನ್ನು ಕಂಪ್ಯೂಟರಿಗೆ ಹಾಕುವವಳು, ಅಂಥ ನಾನು ಕೊರಿಯಾ ದೇಶದ ಇಬ್ಬರು ಪಾಪ್ ಹಾಡುಗಾರರ ಪ್ರೇಮಕಥೆ ಬರೆಯುತ್ತಿದ್ದೆ. ಇಬ್ಬರೂ ನಿಜವಾಗಿ ಇರುವವರು. ಹುಡುಗ ಒಂದು ತಂಡದವನು, ಹುಡುಗಿ ಇನ್ನೊಂದು ತಂಡದವಳು. ಅವರ ನಡುವೆ ಏನಾದರೂ ಇತ್ತೋ ಇಲ್ಲವೋ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೊಬ್ಬಳಿಗೆ ಗೊತ್ತಿತ್ತು. ಅವರು ಎಲ್ಲಿ ಚಹಾ ಕುಡಿದರು, ಯಾವ ಮಾತಿಗೆ ಮುನಿಸಿಕೊಂಡರು, ಮೊದಲು ಕೈ ಹಿಡಿದವರು ಯಾರು ಎಂಬುದನ್ನೆಲ್ಲ ನಾನೇ ತೀರ್ಮಾನಿಸುತ್ತಿದ್ದೆ. ಅವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದು ಆದದ್ದು ಸಾಕು.

ಶುರುವಾದದ್ದು ಮಗಳು ಅಂಕಿತಾಳಿಂದ. ಅವಳು ಅಥಣಿಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ಅಪ್ಪ ಹೋದ ಮೇಲೆ ಮನೆಯಲ್ಲಿ ಮಾತೇ ಆಡದಿದ್ದ ಹುಡುಗಿ ಆ ಹಾಡುಗಾರನ ದೆಸೆಯಿಂದ ಬಾಯಿ ಬಿಟ್ಟಳು. ಅವನ ಫೋಟೊವನ್ನು ತಂದು ಗೋಡೆಯ ಮೇಲೆ ಬುದ್ಧನ ಪಟದ ಪಕ್ಕದಲ್ಲೇ ಅಂಟಿಸಿದಳು. ನನ್ನ ಅತ್ತೆ ತಾನಾಬಾಯಿ ಅದನ್ನು ಸ್ವಲ್ಪ ಹೊತ್ತು ನೋಡಿ, "ಇರಲಿ ಬಿಡು. ಬುದ್ಧನ ಮಗ್ಗಲಾಗ ಕುಂತರ ಯಾರಿಗೂ ಕೆಟ್ಟ ಆಗೂದಿಲ್ಲ" ಎಂದಿದ್ದರು. ಆ ಹುಡುಗನ ಮೇಲೆ ಬರೆದ ಕಥೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಅಂಕಿತಾಳಿಗೆ ಒಂದು ಪುಟ ಓದುವುದರೊಳಗೆ ನಿದ್ದೆ ಬರುತ್ತಿತ್ತು. "ಕನ್ನಡದಾಗ ಯಾರೂ ಯಾಕ ಬರಿಯೂದಿಲ್ಲವಾ" ಎಂದು ಒಂದು ದಿನ ಕೇಳಿದಳು. ಮಗಳು ಏನನ್ನೋ ಕೇಳಿದಳಲ್ಲ ಎಂಬ ಖುಷಿಗೆ ನಾನು ಬರೆದೆ. ಅವಳು ಅದನ್ನು ಕಥೆಗಳ ಆ್ಯಪಿಗೆ ಹಾಕಿದಳು. ನಿಪ್ಪಾಣಿ, ರಾಯಬಾಗ, ಚಿಕ್ಕೋಡಿ ಕಡೆಯ ಹುಡುಗಿಯರು ಓದಿ, ಮುಂದಿನ ಭಾಗ ಯಾವಾಗ ಎಂದು ಕೇಳತೊಡಗಿದರು. ಜೀವನದಲ್ಲಿ ಮುಂದೇನು ಎಂದು ನನ್ನನ್ನು ಯಾರೂ ಕೇಳದೆ ಬಹಳ ದಿನವಾಗಿತ್ತು. ನಾನು ಉಬ್ಬಿಹೋದೆ.

ನನ್ನ ಸಿಯೋಲ್ ಪಟ್ಟಣ ಹೇಗಿತ್ತು ಎಂದು ಕೇಳಬೇಡಿ. ನಾನು ಮಿರಜ್ ದಾಟಿ ಆಚೆ ಹೋದವಳಲ್ಲ. ಕಬ್ಬು ಅರೆಯುವ ಸೀಜನ್ನಿನಲ್ಲಿ ಗಾಡಿಗಳ ನಡುವೆ ಸಿಗುವ ಬಿಡುವಿನಲ್ಲಿ ಮೊಬೈಲಿನಲ್ಲಿ ಬರೆಯುತ್ತಿದ್ದುದರಿಂದ, ಕಾಟಾ ಕೋಣೆಯ ಕಿಟಕಿಯಲ್ಲಿ ಕಂಡದ್ದೆಲ್ಲ ಕೊರಿಯಾಕ್ಕೆ ಹೋಗುತ್ತಿತ್ತು. ಹಿಮ ಬೀಳುವುದನ್ನು ಬರೆಯಬೇಕಾದಾಗ, ಕಾರ್ಖಾನೆಯ ಚಿಮಣಿಯಿಂದ ಉದುರುವ ಕಪ್ಪು ಬೂದಿಯನ್ನು ನೋಡುತ್ತ ಕೂತು, ಬಿಳಿ ಎಂದು ತಿದ್ದಿಕೊಂಡೆ. ಒಮ್ಮೆ ನಾಯಕ ಸಿಟ್ಟಿನಿಂದ ಊಟ ಬಿಟ್ಟು ಎದ್ದಾಗ ನಾಯಕಿ ಅವನಿಗೆ ಕೆನೆಮೊಸರು ಹಾಕಿ ಜೋಳದ ಭಕ್ಕರಿ ಕಲಸಿಕೊಟ್ಟಳು. ಓದುಗರು ಬಹಳ ಮೆಚ್ಚಿದರು. ಯಾರೂ ತಕರಾರು ತೆಗೆಯಲಿಲ್ಲ. ಇದರಿಂದ ನನಗೆ ಗೊತ್ತಾದದ್ದೇನೆಂದರೆ, ಜನ ಮನಸ್ಸು ಮಾಡಿದರೆ ಏನನ್ನಾದರೂ ನಂಬುತ್ತಾರೆ. ಆಗ ಅದು ನನಗೆ ತಮಾಷೆಯಾಗಿಯೇ ಕಂಡಿತ್ತು.

ಆ ಹುಡುಗ ಸತ್ತ ಸುದ್ದಿ ಬಂದದ್ದು ಒಂದು ಮಧ್ಯಾಹ್ನ. ಕಾಟಾ ಮೇಲೆ ಟ್ರ್ಯಾಕ್ಟರ್ ನಿಂತಿತ್ತು. ಮೊಬೈಲಿಗೆ ಮೇಲಿಂದ ಮೇಲೆ ಮೆಸೇಜು ಬಂದವು. ತನ್ನ ಮನೆಯಲ್ಲೇ ತೀರಿಕೊಂಡಿದ್ದನಂತೆ. ಹೇಗೆ ಎಂದು ಅವನ ಕಡೆಯವರು ಹೇಳಿರಲಿಲ್ಲ. ನಾನು ತೂಕ ಒತ್ತುವುದನ್ನು ಬಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟೆ. ಟ್ರ್ಯಾಕ್ಟರಿನವನು ನಮ್ಮೂರಿನ ಅಪ್ಪಾಸಾಬ. ಕೆಳಗಿಳಿದು ಕಿಟಕಿಗೆ ಬಂದ.

"ಯಾಕ್ರೀ ಅಕ್ಕಾರ, ಯಾರಿಗೇನಾತು?"

"ಹುಡುಗ ಹೋದ್ನೋ ಅಪ್ಪಾಸಾಬ."

"ಯಾವ ಹುಡುಗ್ರೀ?"

"ನಮ್ಮ ಹುಡುಗ" ಎಂದೆ. ಅದಕ್ಕಿಂತ ಹೆಚ್ಚಿಗೆ ಹೇಳಲು ಆಗಲಿಲ್ಲ. ಹೇಳಿದ್ದರೂ ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಆಗಲೇ ಊರಿಗೆ ಫೋನು ಹಚ್ಚಿದ್ದ. ಕಾರ್ಖಾನೆಯ ಸಾಹೇಬರು ಬಂದು, "ಮೊದ್ಲ ಮನಿಗಿ ಹೋಗ್ರಿ" ಎಂದು ಕಳಿಸಿದರು.

ನಮ್ಮ ಕಡೆಯ ಬಸ್ಸಿಗಿಂತ ಸಾವಿನ ಸುದ್ದಿ ಯಾವತ್ತೂ ಮುಂದೆ. ನಾನು ಮನೆ ಮುಟ್ಟಿದಾಗ ಬಾಗಿಲ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಒಳಗೆ ಓಣಿಯ ಹೆಂಗಸರೆಲ್ಲ ಕೂತಿದ್ದರು. ಪಕ್ಕದ ಮನೆಯ ಬಳೆಗಾರ್ತಿ ಮೆಹರಾಬಿ, ಸೂತಕದ ಮನೆಯಲ್ಲಿ ಒಲೆ ಹಚ್ಚಬಾರದೆಂದು ಭಕ್ಕರಿಯನ್ನೂ ಕಡಲೆಹಿಟ್ಟಿನ ಝುಣಕವನ್ನೂ ಗಂಟು ಕಟ್ಟಿಕೊಂಡು ಬಂದಿದ್ದಳು. ನಡುವೆ ನನ್ನ ಅತ್ತೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದರು. ನನ್ನನ್ನು ಕಂಡದ್ದೇ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡು, "ಯಾರವಾ ತೀರಕೊಂಡಾರು? ಮಂದಿ ಬಂದ ಅಳಾಕತ್ತರು. ಸುಮ್ಮ ಕುಂತರ ಚಂದ ಕಾಣೂದಿಲ್ಲಂತ ನಾನೂ ಅತ್ತನಿ" ಎಂದು ಪಿಸುಗುಟ್ಟಿದರು.

ಸುಳ್ಳು ಕಟ್ಟುವುದೇ ನನ್ನ ಉದ್ಯೋಗವಾಗಿತ್ತು. ಆದರೆ ಆ ಹೊತ್ತಿಗೆ ಒಂದೂ ಹೊಳೆಯಲಿಲ್ಲ. "ಈ ಫೋಟೊದಾಗಿನ ಹುಡುಗ್ರೀ, ಅತ್ತಿ" ಎಂದೆ. ಎಲ್ಲರೂ ಗೋಡೆಯ ಕಡೆ ತಿರುಗಿದರು.

"ಯಾವ ಊರಾಂವ?" ಎಂದಳು ಮೆಹರಾಬಿ.

"ಸಿಯೋಲ್."

"ಜತ್ತ ದಾಟಿ ಬರ್ತೈತೆಲಾ, ಅದ?" ಎಂದಿತು ಹಿಂದಿನಿಂದ ಒಂದು ದನಿ.

"ನಿಮಗ ಏನಾಗಬೇಕ ಇಂವ?" ಮೆಹರಾಬಿ ಮತ್ತೆ ಕೇಳಿದಳು.

"ಏನೂ ಆಗಬೇಕಾಗಿಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆಯೇ ಮುಂದೆ ಕೇಳಿದರು. "ವಯಸ್ಸ ಎಷ್ಟ?" ಎಂದರು. ಹೇಳಿದೆ. "ತಾಯಿ ಅದಾಳೇನು?" ಅದಾಳ ಎಂದೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, "ಹಂಗಾದ್ರ ಅತ್ತದ್ದು ದಂಡ ಆಗಲಿಲ್ಲ ಬಿಡ" ಎಂದರು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ನಾವು ಆ ಭಕ್ಕರಿ ತಿಂದೆವು. ಅಂಕಿತಾ ಮಾತ್ರ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾಲ್ಕು ಜನ ನಕ್ಕು ಮರೆಯುವ ಸಂಗತಿಯಾಗುತ್ತಿತ್ತು. ಒಂದೆರಡು ದಿನ ಬಿಟ್ಟು ಆ್ಯಪ್ ತೆರೆದೆ. ನನ್ನ ಕೊನೆಯ ಭಾಗದಲ್ಲಿ ಅವರಿಬ್ಬರಿಗೂ ಜಗಳವಾಗಿತ್ತು. ಸೇತುವೆಯ ಮೇಲೆ ಅವಳು, "ನೀನಿದ್ದರೂ ಒಂದೇ, ಸತ್ತರೂ ಒಂದೇ" ಎಂದು ಹೇಳಿ ತಿರುಗಿ ನೋಡದೆ ಹೋಗಿದ್ದಳು. ಮುಂದಿನ ಭಾಗದಲ್ಲಿ ಒಂದು ಮಾಡಬೇಕೆಂದೇ ಜಗಳ ಹಚ್ಚಿದ್ದೆ. ಜಗಳವಿಲ್ಲದಿದ್ದರೆ ಓದುಗರು ಕಾಯುವುದಿಲ್ಲ. ಈಗ ಅದರ ಕೆಳಗೆ ಸಾಲುಸಾಲಾಗಿ, ಅವಳೇ ಕೊಂದಳು, ಅವಳೇ ಕೊಂದಳು ಎಂದು ಬರೆದಿದ್ದರು. ಸೇತುವೆಯ ಮಾತನ್ನು ಕತ್ತರಿಸಿ ತೆಗೆದು, ನಿಜವಾದ ಆ ಹುಡುಗಿಯ ಫೋಟೊಗಳ ಕೆಳಗೆ ಹೋಗಿ ಅಂಟಿಸಿದ್ದರು. ಅಲ್ಲಿ ಕನ್ನಡ ಓದುವವರು ಯಾರಿದ್ದಾರೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಒಂದು ಬೆರಳು ಒತ್ತಿದರೆ ಯಾವ ಭಾಷೆಯ ಬೈಗುಳವೂ ಯಾವ ಭಾಷೆಗೂ ಹೋಗುವ ಕಾಲ ಇದು. ಆ ಸಾಲಿನಲ್ಲಿ ಗುರುತಿನ ಹೆಸರೊಂದು ಸಿಕ್ಕಿತು. ಆ ಖಾತೆಯನ್ನು ನನ್ನ ಮೊಬೈಲಿನಿಂದ ನಾನೇ ತೆರೆದುಕೊಟ್ಟಿದ್ದೆ. "ಇವಳ ಜೊತೆ ಜಗಳ ಆಗಿದ್ದಕ್ಕೇ ಅವನು ಸತ್ತ. ಇವಳಿಗೆ ಜೀವನದಲ್ಲಿ ನೆಮ್ಮದಿ ಸಿಗಬಾರದು" ಎಂದು ಬರೆದವಳು ನನ್ನ ಮಗಳು.

ಇಲ್ಲಿ ನನ್ನ ಗಂಡನ ವಿಷಯ ಹೇಳಬೇಕು. ಪ್ರಕಾಶ ತೀರಿಕೊಂಡದ್ದು ಉಗಾರ ರಸ್ತೆಯಲ್ಲಿ. ಅತ್ತೆಯ ಬಿ.ಪಿ. ಮಾತ್ರೆ ತರಲು ಹೋಗಿದ್ದ. ಕತ್ತಲಾಗಿತ್ತು. ರಸ್ತೆಯ ಅಂಚಿಗೆ ಕೆಟ್ಟು ನಿಂತಿದ್ದ ಕಬ್ಬಿನ ಟ್ರಾಲಿಗೆ ಹಿಂದೆ ದೀಪವಿರಲಿಲ್ಲ, ಹೊಳೆಯುವ ಪಟ್ಟಿಯೂ ಇರಲಿಲ್ಲ. ಬೈಕು ಹೋಗಿ ಅದರೊಳಗೆ ನುಗ್ಗಿತು. ಇಷ್ಟೇ. ಇಷ್ಟು ಸಣ್ಣ ಕಥೆ ಊರಿಗೆ ಸಾಲಲಿಲ್ಲ. ಬೆಳಿಗ್ಗೆ ಹೆಂಡತಿಯ ಜೊತೆ ಜಗಳವಾಗಿತ್ತಂತೆ, "ಹೋಗಿ ಸಾಯಿ" ಅಂದಳಂತೆ, ಅದಕ್ಕೇ ಕಣ್ಣು ಮುಚ್ಚಿ ಗಾಡಿ ಬಿಟ್ಟನಂತೆ ಎಂದಾಯಿತು. ಜಗಳ ಆಗಿರಲಿಲ್ಲ. ಸೀಜನ್ನಿನಲ್ಲಿ ಪಾಳಿಯ ಕೆಲಸದಿಂದಾಗಿ ಜಗಳವಾಡುವಷ್ಟು ಹೊತ್ತು ನಾವು ಒಟ್ಟಿಗೆ ಎಚ್ಚರವಾಗಿ ಇರುತ್ತಲೇ ಇರಲಿಲ್ಲ. ಇದನ್ನು ಯಾರಿಗೆ ಹೇಳುವುದು? ಯಾರಾದರೂ ಎದುರಿಗೆ ಕೇಳಿದ್ದರಲ್ಲವೇ ಉತ್ತರ ಕೊಡುವುದು? ಈಗಲೂ ದಿನಾ ಅಂಥ ಟ್ರಾಲಿಗಳನ್ನೇ ತೂಗುತ್ತೇನೆ. ಪ್ರತಿಯೊಂದರ ಹಿಂಭಾಗವನ್ನೂ ಒಮ್ಮೆ ನೋಡುತ್ತೇನೆ.

ಮರುದಿನ ಬೆಳಿಗ್ಗೆ ಅಡಿಗೆಮನೆಯಲ್ಲಿ ಅತ್ತೆ ಭಕ್ಕರಿ ಬಡಿಯುತ್ತಿದ್ದರು. ಅಂಕಿತಾ ಚಹಾಕ್ಕೆಂದು ಬಂದಳು. ನಾನು ಮೊಬೈಲನ್ನು ಅವಳ ಮುಂದಿಟ್ಟೆ.

"ಇದನ್ನ ನೀ ಬರದಿಯೇನು?"

ಅವಳು ನೋಡಿದಳು. "ಅಕಿ ಹಂಗ ಬಿಟ್ಟ ಹೋದ್ಲು ಅಂತ ನೀನ ಬರದಿಯಲಾ ಅವ್ವಾ."

"ಅದು ನಾ ಕಟ್ಟಿದ್ದ. ಅಕಿನ್ನ ನಾ ಕಣ್ಣಿಲೆ ನೋಡಿಲ್ಲ. ನಿನಗ ಗೊತ್ತಿಲ್ಲ?"

"ಗೊತ್ತೈತಿ." ಮೊಬೈಲನ್ನು ನನ್ನ ಕಡೆ ಸರಿಸಿ ಹೇಳಿದಳು, "ಗೊತ್ತಿದ್ರೂ, ಓದಿದ ಮ್ಯಾಲ ಅದ ಖರೆ ಅನಸ್ತೈತಿ."

ಯಾವ ಬರಹಗಾರರಿಗಾದರೂ ಇದಕ್ಕಿಂತ ದೊಡ್ಡ ಬಹುಮಾನವಿಲ್ಲ. ನಾನು ಮಾತ್ರ ಚಹಾದ ಕಪ್ಪನ್ನು ಕೆಳಗಿಟ್ಟೆ.

ಅತ್ತೆ ಭಕ್ಕರಿಯನ್ನು ಹಂಚಿಗೆ ಹಾಕಿದರು. ಈ ಕಡೆ ತಿರುಗದೆಯೇ ಕೇಳಿದರು, "ಆ ಹುಡುಗಿಗಿ ಮಂದಿ ಏನಂತಾರು?"

"ನೀನ ಕೊಂದಿ ಅಂತಾರ್ರಿ" ಎಂದೆ.

"ನಿನಗ ಅಂದಂಗ."

"ಹೂಂನ್ರಿ."

ಅಂಕಿತಾ ತಲೆಯೆತ್ತಿ ನನ್ನನ್ನು ನೋಡಿದಳು. ಅಪ್ಪ ಹೋದಾಗ ಅವಳಿನ್ನೂ ಚಿಕ್ಕವಳು, ಊರಿನ ಮಾತು ಅವಳ ಕಿವಿಗೆ ಬೀಳದಂತೆ ನೋಡಿಕೊಂಡಿದ್ದೆವು. ಅತ್ತೆ ಮೊಮ್ಮಗಳಿಗೆ ಹೇಳಿದರು, "ನಿಮ್ಮಪ್ಪ ಸತ್ತಾಗ ನಿಮ್ಮವ್ವನ್ನ ನೋಡಿ ಮಂದಿ ಬಸ್ಸಿನ್ಯಾಗ ಎದ್ದ ಬ್ಯಾರೆ ಕಡೆ ಕುಂದರ್ತಿದ್ರು. ಮಂದಿದೇನ ಬಿಡ. ನಾನೂ ನಂಬಿದ್ನಿ. ಒಂದ ವರ್ಸ ಇಕಿ ಕೈಲೆ ನೀರ ಇಸಗೊಂಡಿಲ್ಲ. ಒಂದ ಮನ್ಯಾಗ ಇದ್ದೂ, ಜಗಳ ಆಗಿಲ್ಲಂತ ಕಿವಿಲೆ ಗೊತ್ತಿದ್ದೂ, ನಂಬಿದ್ನಿ. ಮಗ ಸುಮ್ಮಸುಮ್ಮನ ಸತ್ತ ಅಂದ್ರ ತಡಕೊಳ್ಳಾಕ ಆಗೂದಿಲ್ಲ. ಯಾರರೆ ಕೊಂದಿರಬೇಕ ಅನಸ್ತೈತಿ."

ಆ ವರ್ಷ ಅವರು ತಮ್ಮ ತಂಬಿಗೆಯನ್ನು ತಾವೇ ತುಂಬಿಕೊಳ್ಳುತ್ತಿದ್ದುದು ನನಗೆ ಗೊತ್ತಿತ್ತು. ಅವರು ಅದನ್ನು ಬಾಯಿ ಬಿಟ್ಟು ಹೇಳಿದ್ದು ಆವತ್ತೇ. ಹಂಚಿನ ಮೇಲೆ ಭಕ್ಕರಿ ಸೀಯುತ್ತಿತ್ತು, ಹೋಗಿ ತಿರುವಿ ಹಾಕಿದೆ. ಅಂಕಿತಾ ಮೊಬೈಲು ತೆಗೆದುಕೊಂಡು ತನ್ನ ಮಾತನ್ನು ಅಳಿಸಿದಳು. ಆಮೇಲೆ ಬಹಳ ಹೊತ್ತು ಅಳುತ್ತ ಕೂತಳು. ಆ ಹುಡುಗನಿಗೋ ಅಪ್ಪನಿಗೋ ಎಂದು ನಾವು ಕೇಳಲಿಲ್ಲ.

ಆವತ್ತೇ ನಾನು ಆ್ಯಪಿನಲ್ಲಿ ಬರೆದೆ. ಸೇತುವೆಯ ಜಗಳ ನಾನು ಕಟ್ಟಿದ್ದು, ಆ ಮಾತು ಆ ಹುಡುಗಿ ಆಡಿದ್ದಲ್ಲ, ನಾನು ಐನಾಪುರದಲ್ಲಿ ಕೂತು ಆಡಿಸಿದ್ದು, ಅವಳನ್ನು ಅವಳ ಪಾಡಿಗೆ ಬಿಡಿ ಎಂದು ಬೇಡಿಕೊಂಡೆ. ನನ್ನ ಕೈಯಿಂದ ಬಂದ ಮೊದಲ ನಿಜವಾದ ಬರಹ ಅದು. ಓದುಗರು ಅದಕ್ಕೂ ಅಭಿಪ್ರಾಯ ಬರೆದರು. "ಟ್ವಿಸ್ಟ್ ಚೆನ್ನಾಗಿದೆ" ಎಂದಳೊಬ್ಬಳು. "ಈ ಭಾಗದಲ್ಲಿ ರೊಮ್ಯಾನ್ಸ್ ಕಡಿಮೆ" ಎಂದಳು ಇನ್ನೊಬ್ಬಳು. ಅವನನ್ನು ಕಥೆಯಲ್ಲಾದರೂ ಬದುಕಿಸಿ ಅಕ್ಕಾ, ನಿಮ್ಮ ಕಾಲಿಗೆ ಬೀಳುತ್ತೇನೆ ಎಂದು ರಾಯಬಾಗದ ಹುಡುಗಿಯೊಬ್ಬಳು ಬರೆದಳು. ಬದುಕಿಸುವುದು ಕಷ್ಟವೇನಾಗಿರಲಿಲ್ಲ. ಆದರೆ ಅವನ ತಾಯಿಯ ನೆನಪಾಯಿತು. ಎಲ್ಲ ಭಾಗಗಳನ್ನೂ ತೆಗೆದುಹಾಕಿದೆ. ಯಾರೋ ಆಗಲೇ ಇಳಿಸಿಕೊಂಡಿದ್ದವರು ಅವನ್ನೇ ಬೇರೆ ಹೆಸರಿನಲ್ಲಿ ಮತ್ತೆ ಹಾಕಿದ್ದಾರೆ, ಈಗಲೂ ಓಡುತ್ತಿವೆ. ಆ ಹುಡುಗಿ ಹಾಡುವುದನ್ನು ಬಿಟ್ಟಳಂತೆ ಎಂದು ಅಂಕಿತಾ ಮೊನ್ನೆ ಹೇಳಿದಳು. ಅದೂ ನಿಜವೋ, ನನ್ನಂಥ ಇನ್ನೊಬ್ಬಳು ಕಟ್ಟಿದ್ದೋ, ತಿಳಿಯುವ ದಾರಿ ನನಗಿಲ್ಲ.

ಹೋದ ವಾರ ಮೆಹರಾಬಿ ಮನೆಗೆ ಬಂದಳು. ಕೂತು, ಬಳೆಯ ಪೆಟ್ಟಿಗೆ ಬಿಚ್ಚದೆ, ಬಾಗಿಲ ಕಡೆ ಒಮ್ಮೆ ನೋಡಿ, "ಸುಜಾತಾ, ಸಿಟ್ಟಿಗೇಳಬ್ಯಾಡ. ಊರಾಗ ಒಂದ ಮಾತ ಹುಟ್ಟೈತಿ" ಎಂದಳು. ಕಾಟಾದಲ್ಲಿ ನಾನು ಅತ್ತದ್ದರ ಕಥೆ ಅದು. ಸತ್ತ ಹುಡುಗ ಬ್ಯಾಂಡಿನಲ್ಲಿ ಹಾಡುವವನು ಎಂಬುದು ಹೇಗೋ ಹೊರಬಿದ್ದಿತ್ತು. ಊರು ಅವನನ್ನು ಮಿರಜಿನ ಮದುವೆ ಬ್ಯಾಂಡಿಗೆ ಸೇರಿಸಿತ್ತು. ವಯಸ್ಸಿನಲ್ಲಿ ನನಗಿಂತ ಸಣ್ಣವನಂತೆ. ಸೀಜನ್ ಮುಗಿದ ಮೇಲೆ ನಾನು ರೈಲು ಹತ್ತಿ ಹೋಗುತ್ತಿದ್ದೆನಂತೆ. ಕೃಷ್ಣಾ ಹೊಳೆಯ ದಂಡೆಯಲ್ಲಿ ಅವನು ಭೇಲ್ ಕೊಡಿಸುತ್ತಿದ್ದನಂತೆ, ಅವನು ಹಾಡಿದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆನಂತೆ.

ಇಷ್ಟೆಲ್ಲ ಆದ ಮೇಲೆ ನಾನು ಎದ್ದು ನಿಂತು, ಇದು ಸುಳ್ಳು ಎಂದು ಅವಳ ಮುಖಕ್ಕೆ ಹೇಳಬೇಕಿತ್ತು. ಹೇಳಿದೆ ಕೂಡ, ಆದರೆ ಆಮೇಲೆ. ಮೊದಲು ನನ್ನ ಬಾಯಿಂದ ಬಂದದ್ದು ಬೇರೆ ಮಾತು. ಪ್ರಕಾಶ ಹೋದ ಮೇಲೆ ನಾನು ಹಾಗೆ ನಕ್ಕದ್ದನ್ನು ಯಾರಾದರೂ ನೋಡಿದ್ದರೆ ಈ ಊರಿನ ಕಥೆಗಾರರೇ ಇರಬೇಕು. ಮೆಹರಾಬಿಯ ಹತ್ತಿರ ಸರಿದು ಕೂತು ಕೇಳಿದೆ, "ಮುಂದ?"