ದೊಗಳೆ ಟೀ ಶರ್ಟಿನ ಎಂಟನೆಯ ಉಪಯೋಗ

ಹೆಂಡತಿ ತಲೆಗೆ ಕಟ್ಟಿಕೊಂಡಿದ್ದ ಹಳದಿ ಪಟ್ಟಿಯನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಮುಚ್ಚಳದಣ್ಣನಿಗೆ ಅನ್ನಿಸಿದಾಗ ಬೆಳಿಗ್ಗೆ ಏಳೂವರೆ. ರಾತ್ರಿಯಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪ್ಲಾಸ್ಟಿಕ್ ಡಬ್ಬಿಗಳ ಮುಚ್ಚಳ ನೋಡಿ ಬಂದವನಿಗೆ ಆ ಹೊತ್ತಿನಲ್ಲಿ ಏನು ಕಂಡರೂ ಹಾಗೇ ಅನ್ನಿಸುವುದುಂಟು. ಸರಿ ಇರುವುದು ಬಲಕ್ಕೆ, ಸೊಟ್ಟಗಿರುವುದು ಎಡಕ್ಕೆ. ಹನ್ನೆರಡು ವರ್ಷದಿಂದ ಇದೇ ಕೆಲಸ, ಹನ್ನೆರಡು ವರ್ಷದಿಂದಲೂ ರಾತ್ರಿ ಪಾಳಿ. ಅವನ ಮನೆಯಿದ್ದ ಕಟ್ಟಡದವರೆಲ್ಲ ಅವನ ನಿಜವಾದ ಹೆಸರು ಮರೆತು ಮುಚ್ಚಳದಣ್ಣ ಎಂದೇ ಕರೆಯುತ್ತಿದ್ದರು. ಅವರನ್ನು ತಿದ್ದುವಷ್ಟು ತ್ರಾಣ ಅವನಲ್ಲಿ ಉಳಿದಿರಲಿಲ್ಲ.

ಆದರೆ ಇವತ್ತು ಅವನು ಸುದ್ದಿ ಹೊತ್ತು ತಂದಿದ್ದ. ಹಗಲು ಪಾಳಿಯಲ್ಲಿ ಮುಚ್ಚಳ ನೋಡುತ್ತಿದ್ದವರು ನಿವೃತ್ತರಾಗಿ ಒಂದು ಜಾಗ ಖಾಲಿಯಾಗಿತ್ತು. ಅದಕ್ಕೆ ಹದಿನಾಲ್ಕು ಮಂದಿ ಶಿಫಾರಸು ಹಿಡಿದು ಬಂದು ಹೊಸ ಮ್ಯಾನೇಜರರ ತಲೆ ತಿಂದಿದ್ದರು. ಬೇಸತ್ತ ಮ್ಯಾನೇಜರರು ಬೆಳಗಾಗುವ ಮೊದಲೇ ಒಂದು ನೋಟಿಸು ಅಂಟಿಸಿದ್ದರು. ಕಾರ್ಖಾನೆ ಶುರುವಾದ ವರ್ಷ ಕೊಟ್ಟ ಹಳದಿ ಟೀ ಶರ್ಟನ್ನು ಇನ್ನೂ ಇಟ್ಟುಕೊಂಡವರೇ ನಿಜವಾದ ಅಭಿಮಾನಿಗಳು. ಇವತ್ತು ಸಂಜೆ ನಾಲ್ಕಕ್ಕೆ ಅದನ್ನು ಹಾಕಿಕೊಂಡು ಬಂದವರಿಗೆ ಹಗಲು ಪಾಳಿ.

ಆ ಟೀ ಶರ್ಟಿಗೂ ಒಂದು ಚರಿತ್ರೆಯಿತ್ತು. ಹೊಲಿಸಲು ಕೊಟ್ಟವರು ಅಳತೆ ತಪ್ಪಿ ಎಲ್ಲವನ್ನೂ ಒಂದೇ ಸಮ ರಾಕ್ಷಸ ಗಾತ್ರದಲ್ಲಿ ತರಿಸಿದ್ದರು. ಒಂದೊಂದರಲ್ಲಿ ಇಬ್ಬಿಬ್ಬರು ಹಿಡಿಯುತ್ತಿದ್ದರು. ಮಿಕ್ಕವರು ವರ್ಷ ತುಂಬುವುದರೊಳಗೆ ಅದರಲ್ಲಿ ಸ್ಕೂಟರು ಒರೆಸಿ ಮುಗಿಸಿದರು. ಮುಚ್ಚಳದಣ್ಣ ಮಾತ್ರ ಇಟ್ಟುಕೊಂಡ, ಅಭಿಮಾನದಿಂದೇನಲ್ಲ. ಕಿಟಕಿಯಲ್ಲಿ ಬಿಸಿಲು ಉರಿಯುತ್ತಿರಲಿ, ಪಕ್ಕದ ಮನೆಯಲ್ಲಿ ಗೋಡೆ ಕೊರೆಯುತ್ತಿರಲಿ, ಆ ದೊಗಳೆ ಅಂಗಿಯೊಳಗೆ ತಲೆ ತೂರಿಸಿದರೆ ಐದೇ ನಿಮಿಷದಲ್ಲಿ ಅವನಿಗೆ ನಿದ್ದೆ ಹತ್ತುತ್ತಿತ್ತು. ಬೇರೆ ಯಾವ ಅಂಗಿ ಹಾಕಿದರೂ ಹತ್ತುತ್ತಿರಲಿಲ್ಲ.

"ನನ್ನ ಹಳದಿ ಟೀ ಶರ್ಟ್ ಎಲ್ಲಿ?" ಎಂದು ಕೇಳಿದ.

"ಅದು ಈಗ ಟೀ ಶರ್ಟಲ್ಲ ರೀ," ಎಂದಳು ಹೆಂಡತಿ, ಮುಖ ಅರಳಿಸಿಕೊಂಡು.

ಮೂರನೇ ಮಹಡಿಯ ಹೊಲಿಗೆ ಟೀಚರು ತಾರಸಿಯ ಮೇಲೆ ಹೆಂಗಸರಿಗೆ ಹೊಸ ತರಗತಿ ಶುರು ಮಾಡಿದ್ದರಂತೆ: ಹಳೇ ದೊಗಳೆ ಟೀ ಶರ್ಟಿಗೆ ಏಳು ಉಪಯೋಗ. ನಿನ್ನೆ ಸಂಜೆ ಮೊದಲ ಪಾಠ. ಮಾಡಿದ್ದನ್ನು ನೆರೆಯವರಿಗೆ ಕೊಟ್ಟರೇ ಪಾಠ ಪೂರ್ತಿಯಾದ ಹಾಗೆ ಎಂಬುದು ಟೀಚರ ನಿಯಮ. ಹಾಗಾಗಿ ಟೀ ಶರ್ಟು ಕತ್ತಲಾಗುವ ಮೊದಲೇ ಕಟ್ಟಡದ ತುಂಬ ಹಂಚಿಹೋಗಿತ್ತು.

ಬೈಯಬೇಕೆಂದುಕೊಂಡ. ಬೈಯುವುದಕ್ಕೆ ಎದ್ದು ನಿಲ್ಲಬೇಕು, ಅದು ಅವನಿಂದ ಆಗುವಂತಿರಲಿಲ್ಲ. ಕೂತಲ್ಲೇ ನೋಟಿಸಿನ ವಿಷಯ ಹೇಳಿದ. ಅವಳ ಮುಖ ಬಾಡಿತು. ಹನ್ನೆರಡು ವರ್ಷ ಹಗಲೆಲ್ಲ ತುದಿಗಾಲಲ್ಲಿ ಓಡಾಡಿ, ಪಾತ್ರೆ ಸದ್ದಾಗದಂತೆ ತೊಳೆದು, ಪಿಸುಮಾತಿನಲ್ಲೇ ಸಂಸಾರ ಮಾಡಿದವಳು ಅವಳು. ಹಗಲು ಪಾಳಿಯ ಆಸೆ ಅವನಿಗಿಂತ ಅವಳಿಗೇ ಒಂದು ಗುಲಗಂಜಿ ಹೆಚ್ಚಿತ್ತು.

ಅವಳು ತಲೆಯಿಂದ ಪಟ್ಟಿ ಬಿಚ್ಚಿ ಅವನ ಕೈಗಿಟ್ಟಳು. "ತಗೊಳ್ಳಿ, ಇದು ಕುತ್ತಿಗೆ. ಮಿಕ್ಕಿದ್ದನ್ನ ಹುಡುಕೋಣ."

ಎದೆಯ ಭಾಗ ಸಂತೆಚೀಲವಾಗಿ ಕೆಳಮನೆಯ ಅಂಚೆ ತಾತನ ಪಾಲಾಗಿತ್ತು. ತಾತ ಅಂಚೆ ಹಂಚುವ ಕೆಲಸದಿಂದ ನಿವೃತ್ತರಾಗಿ ಹತ್ತು ವರ್ಷವಾದರೂ ಬೀದಿ ಸುತ್ತುವುದನ್ನು ಬಿಟ್ಟಿರಲಿಲ್ಲ. ಚೀಲ ಹಿಡಿದು ಆಗಲೇ ಮಾರ್ಕೆಟ್ಟಿಗೆ ಹೋಗಿದ್ದರು. ಮುಚ್ಚಳದಣ್ಣ ತೂಕಡಿಸುತ್ತಲೇ ಮೂರು ಬೀದಿ ನಡೆದು ಅವರನ್ನು ಹಿಡಿದ. ತಾತ ನೋಟಿಸಿನ ಕತೆಯನ್ನು ಎರಡು ಸಲ ಹೇಳಿಸಿಕೊಂಡರು, ತಮ್ಮ ಕಾಲದ ಮೇಲಧಿಕಾರಿಗಳ ಕತೆ ಮೂರು ಹೇಳಿದರು, ಆಮೇಲೆ ಚೀಲ ಕೊಡಲು ಒಪ್ಪಿದರು. ಆದರೆ ಒಳಗಿದ್ದ ನಾಲ್ಕು ಕಿಲೋ ಆಲೂಗಡ್ಡೆಗೆ ಬೇರೆ ದಾರಿ ಇರಲಿಲ್ಲ. ಮುಚ್ಚಳದಣ್ಣ ಅವನ್ನು ತಾನು ತೊಟ್ಟಿದ್ದ ಅಂಗಿಯ ಮಡಿಲಲ್ಲಿ ತುಂಬಿಕೊಂಡು ಮನೆಯವರೆಗೆ ಹೊತ್ತ. ದಾರಿಯಲ್ಲಿ ಉರುಳಿದ ಒಂದೊಂದು ಗಡ್ಡೆಯನ್ನೂ ತಾತ ಬೆರಳು ಮಾಡಿ ತೋರಿಸಿ ಉಪಕಾರ ಮಾಡಿದರು.

ಬೆನ್ನಿನ ಭಾಗ ದಿಂಬಾಗಿತ್ತು, ಔಷಧಿ ಅಂಗಡಿಯ ಅಕ್ಕನ ಬೆಕ್ಕಿಗೆ. ಅಕ್ಕ ಎದುರುಮನೆಯವರು. ಬಾಗಿಲು ತೆರೆದವರೇ ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗೆ ಮಾತಾಡಿ ಮುಚ್ಚಳದಣ್ಣ. ಅದು ಹುಟ್ಟಿದಾಗಿಂದ ಹಗಲು ಹೊತ್ತು ಮಲಗಿದ್ದೇ ಇಲ್ಲ, ಪರದೆ ಹರಿಯೋದೇ ಕೆಲಸ. ಇವತ್ತು ಈ ದಿಂಬಿನ ಮೇಲೆ ಕಾಲಿಟ್ಟಿದ್ದೇ ತಡ, ಬಿದ್ಕೊಂಡಿದೆ. ಏಳೋವರೆಗೆ ನಾನಂತೂ ಮುಟ್ಟಲ್ಲ."

ಮುಚ್ಚಳದಣ್ಣ ಬೆಕ್ಕಿನ ಎದುರು ಕುರ್ಚಿ ಹಾಕಿಕೊಂಡು ಕೂತ. ತನ್ನ ಅಂಗಿಯ ಮೇಲೆ, ತಾನು ಮಲಗಬೇಕಾದ ಹೊತ್ತಿನಲ್ಲಿ, ತನ್ನ ನಿದ್ದೆಯನ್ನೇ ಆ ಪ್ರಾಣಿ ಹೊಡೆಯುತ್ತಿದೆ ಎಂದು ಅವನಿಗೆ ಅನ್ನಿಸಿತು. ಹೊಟ್ಟೆಕಿಚ್ಚಿಗೆ ಕಣ್ಣಲ್ಲಿ ನೀರೇ ಬಂತು. ಒಂದೂಕಾಲು ಗಂಟೆಯಾದ ಮೇಲೆ ಬೆಕ್ಕು ಮೈಮುರಿದು, ಅವನನ್ನು ನೋಡಿ ಆಕಳಿಸಿ, ಎದ್ದುಹೋಯಿತು. ದಿಂಬಿನೊಳಗಿನ ಹತ್ತಿ ಕಿತ್ತು ಕೊಡುವಾಗ ಅಕ್ಕ ಹೇಳಿದರು, ಇನ್ನು ಬೆಕ್ಕು ಮಲಗದಿದ್ದರೆ ಅದಕ್ಕೆ ನೀವೇ ಜವಾಬ್ದಾರಿ ಎಂದು.

ಎರಡು ತೋಳುಗಳನ್ನು ಹೊಲಿಗೆ ಟೀಚರು ಮಾದರಿಗೆಂದು ತಾವೇ ಇಟ್ಟುಕೊಂಡಿದ್ದರು. ಅವು ನೀರಿನ ಬಾಟಲಿಗಳಿಗೆ ಅಂಗಿಯಾಗಿದ್ದವು. ಕೆಳ ಅಂಚನ್ನು ಮಾತ್ರ ಹೆಂಡತಿ ದಾರದಂತೆ ಸುರುಳಿ ಸುರುಳಿ ಕತ್ತರಿಸಿ ಅಂಗೈಯಗಲದ ಒಂದು ಚಾಪೆ ಹೆಣೆದಿದ್ದಳು. ಅದನ್ನು ಬಿಚ್ಚಿದರೂ ಮತ್ತೆ ಬಟ್ಟೆಯಾಗುವಂತಿರಲಿಲ್ಲ.

"ಪರವಾಗಿಲ್ಲ, ಉದ್ದ ಬೇಕಾದಷ್ಟಿದೆ," ಎಂದು ಟೀಚರು ಹೊಲಿಗೆ ಯಂತ್ರದ ಮುಂದೆ ಕೂತರು. ತರಗತಿಯ ಹನ್ನೊಂದು ಹೆಂಗಸರೂ ಸುತ್ತ ನಿಂತರು. ಒಬ್ಬರು ಜೇಬು ಇಡಿಸಿ ಎಂದರು, ಇನ್ನೊಬ್ಬರು ಬೆಕ್ಕಿನ ಕೂದಲು ಇರಲಿ ಬೆಚ್ಚಗಾಗುತ್ತದೆ ಎಂದರು, ಮತ್ತೊಬ್ಬರು ಅವನ ಭುಜಕ್ಕೆ ಅಳತೆ ಪಟ್ಟಿ ಹಿಡಿದು ಅಯ್ಯೋ ಪಾಪ ಎಂದರು. ಗಂಟೆ ಎರಡೂವರೆ. ಮುಚ್ಚಳದಣ್ಣ ನಿಂತಲ್ಲೇ ವಾಲುತ್ತಿದ್ದ. ಹೆಂಡತಿ ಹಿಂದಿನಿಂದ ಒಂದು ಕೈ ಕೊಟ್ಟು ನಿಲ್ಲಿಸಿದ್ದಳು.

"ನನ್ನ ಪುಸ್ತಕದಲ್ಲಿ ಏಳೇ ಉಪಯೋಗ ಇರೋದು," ಎಂದರು ಟೀಚರು ದಾರ ಕಡಿಯುತ್ತ. "ಎಂಟನೇದು ನಿಮಗೇನಾದ್ರೂ ಹೊಳೆದ್ರೆ ಹೇಳಿ."

"ಹಾಕ್ಕೊಳ್ಳೋದು," ಎಂದ ಮುಚ್ಚಳದಣ್ಣ.

ಟೀಚರು ಸ್ವಲ್ಪ ಯೋಚಿಸಿ, ಅದು ಲೆಕ್ಕಕ್ಕೆ ಬರುವುದಿಲ್ಲ ಎಂದರು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಅವನು ಕಾರ್ಖಾನೆಯ ಸಭಾಂಗಣ ಮುಟ್ಟಿದ. ದಾರಿಯಲ್ಲಿ ನಿದ್ದೆ ಹತ್ತೀತೆಂಬ ಭಯಕ್ಕೆ ಟೀ ಶರ್ಟನ್ನು ಕೈಯಲ್ಲೇ ಹಿಡಿದು ಬಂದಿದ್ದ. ಬಾಗಿಲ ಬಳಿ ನಿಂತು ಮೇಲಿನಿಂದ ತೊಟ್ಟುಕೊಂಡ. ಹಳದಿ ಅಂಗಿಯಲ್ಲಿ ಇನ್ನೊಬ್ಬನೂ ಬಂದಿದ್ದ, ಪ್ಯಾಕಿಂಗ್ ವಿಭಾಗದವನು. ಮ್ಯಾನೇಜರರು ಅವನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನಿಮಗೆ ಇದು ಸರಿಯಾಗಿ ಹೊಂದುತ್ತಲ್ಲ. ಹಾಗಾದ್ರೆ ಇದು ನಮ್ಮದಲ್ಲ." ಅಂಗಿಗೆ ಬೆಳಿಗ್ಗೆಯಷ್ಟೇ ಬಣ್ಣ ಹಾಕಿದ್ದು ಎಂದು ಅವನ ಕತ್ತಿನ ಸುತ್ತ ಇಳಿದ ಹಳದಿ ಬೆವರೇ ಹೇಳುತ್ತಿತ್ತು.

ಮುಚ್ಚಳದಣ್ಣನ ಅಂಗಿಯಲ್ಲಿ ಮೂರು ಬಗೆಯ ಹೊಲಿಗೆಯಿತ್ತು, ಆಲೂಗಡ್ಡೆಯ ಮಣ್ಣಿತ್ತು, ಬೆಕ್ಕಿನ ಕೂದಲಿತ್ತು. ಆದರೆ ಅದರೊಳಗೆ ಇನ್ನೊಬ್ಬರಿಗೆ ಜಾಗವೂ ಇತ್ತು. ಮ್ಯಾನೇಜರರ ಕಣ್ಣು ತುಂಬಿತು. ಹರಿದರೂ ಬಿಸಾಡದೆ ಮತ್ತೆ ಮತ್ತೆ ಹೊಲಿಸಿ ಹಾಕಿಕೊಂಡಿದ್ದಾರೆ, ಅಭಿಮಾನವೆಂದರೆ ಇದು ಎಂದು ಅವನ ಬೆನ್ನು ತಟ್ಟಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಎರಡು ಮಾತಾಡಿ ಆಮೇಲೆ ಪತ್ರ ಕೊಡುವುದಾಗಿ ಹೇಳಿ ಮೈಕು ಹಿಡಿದರು.

ಮುಚ್ಚಳದಣ್ಣ ನಿಟ್ಟುಸಿರು ಬಿಟ್ಟು ಕುರ್ಚಿಗೆ ಒರಗಿದ. ಗೆದ್ದೆ ಎಂದುಕೊಂಡ. ನಾಳೆ ರಾತ್ರಿ ಎಲ್ಲರ ಹಾಗೆ ಮಲಗುತ್ತೇನೆ, ಹೆಂಡತಿ ಹಗಲೆಲ್ಲ ಗಟ್ಟಿಯಾಗಿ ಮಾತಾಡಲಿ, ಪಾತ್ರೆ ಬೀಳಿಸಲಿ ಎಂದುಕೊಂಡ. ಹಳೇ ಬಟ್ಟೆ ಮೈಗೆ ಮೆತ್ತಗೆ ತಾಗುತ್ತಿತ್ತು. ಟೀ ಶರ್ಟು ಹಾಕಿಕೊಂಡು ಆಗಲೇ ಐದು ನಿಮಿಷವಾಗಿತ್ತು.

ಎಚ್ಚರವಾದಾಗ ಸಭೆ ಮುಗಿದಿತ್ತು. ಮ್ಯಾನೇಜರರೊಬ್ಬರೇ ಎದುರಿಗೆ ನಿಂತಿದ್ದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು.

"ನಿಮ್ಮ ಹೆಸರನ್ನ ನಾಲ್ಕು ಸಲ ಕೂಗಿದೆ. ಚಪ್ಪಾಳೆ ಹೊಡೆಸಿದೆ. ಮೈಕು ಕಿವಿ ಹತ್ರ ಹಿಡಿದ್ರೆ ಗೊರಕೆ ಮಾತ್ರ ಕೇಳಿಸ್ತು, ಇಡೀ ಸಭೆಗೆ. ಹಗಲು ಹೊತ್ತಲ್ಲಿ ನಿಮಗೆ ಎಚ್ಚರ ಇರಲ್ಲ, ಅಲ್ವಾ?"

"ಸಾರ್, ಅದು ಈ ಅಂಗಿ ಸಾರ್. ಇದನ್ನ ಹಾಕ್ಕೊಂಡ್ರೆ..."

"ಗೊತ್ತಾಯ್ತು ಬಿಡಿ. ಹಗಲು ಪಾಳಿಯವರ ಕಣ್ಣು ತೆರೆದಿರಬೇಕು. ಪ್ಯಾಕಿಂಗಿನವನು ಸುಳ್ಳನೇ ಇರಬಹುದು, ಆದ್ರೆ ಎದ್ದಿದ್ದ. ಪತ್ರ ಅವನಿಗೇ ಕೊಟ್ಟೆ. ನೀವು ರಾತ್ರಿಗೇ ಹುಟ್ಟಿದವರು." ಅವರು ಕೈ ಚಾಚಿದರು. "ಅಂಗಿ ಮಾತ್ರ ಕೊಟ್ಟುಹೋಗಿ. ನನ್ನ ಕೋಣೆಯಲ್ಲಿ ಗಾಜಿನ ಕಪಾಟಿದೆ. ಇಂಥ ಅಭಿಮಾನವನ್ನ ನಾಲ್ಕು ಜನ ನೋಡ್ಬೇಕು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ತಟ್ಟೆಯೂ ಹೋಯಿತು. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಅವಳು ರಾತ್ರಿಯ ಡಬ್ಬಿ ಕಟ್ಟಿದಳು, ಅವನು ಹತ್ತಕ್ಕೆ ಪಾಳಿಗೆ ಹೋದ.

ಮರುದಿನ ಬೆಳಿಗ್ಗೆ ಹೊರಡುವಾಗ ಮ್ಯಾನೇಜರರ ಕೋಣೆಯತ್ತ ಕಣ್ಣು ಹಾಯಿಸಿದ. ಗಾಜಿನ ಹಿಂದೆ ಟೀ ಶರ್ಟು ಎಳೆಬಿಸಿಲಿನಲ್ಲಿ ತೋಳು ಚಾಚಿ ನೇತಾಡುತ್ತಿತ್ತು. ಹಗಲು ಪಾಳಿ ಸಿಕ್ಕಿದ್ದು ಅದಕ್ಕೆ.

ಮನೆಯಲ್ಲಿ ಅವನು ಇದ್ದಬದ್ದ ಅಂಗಿಗಳನ್ನೆಲ್ಲ ಹಾಕಿ ಹೊರಳಾಡಿದ್ದನ್ನು ನೋಡಲಾರದೆ ಹೆಂಡತಿ ಆ ಅಂಗೈಯಗಲದ ಚಾಪೆಯನ್ನು ತಂದು ಅವನ ಕೆನ್ನೆಯ ಕೆಳಗಿಟ್ಟಳು. ಉಳಿದಿದ್ದ ಟೀ ಶರ್ಟು ಅಷ್ಟೇ. ಮುಚ್ಚಳದಣ್ಣನ ರೆಪ್ಪೆ ಮೆಲ್ಲಗೆ ಇಳಿಯತೊಡಗಿತು. ಆಗ ಬಾಗಿಲು ಬಡಿದ ಸದ್ದಾಗಿ, ಎದ್ದುಹೋಗಿ ತೆರೆದ.

ಔಷಧಿ ಅಂಗಡಿಯ ಅಕ್ಕ ಬೆಕ್ಕನ್ನು ಎತ್ತಿಕೊಂಡು ನಿಂತಿದ್ದರು. "ನಿನ್ನೆಯಿಂದ ಕಣ್ಣು ಮುಚ್ಚಿಲ್ಲ ಇದು. ಎರಡು ಪರದೆ ಹೋಯ್ತು. ಜವಾಬ್ದಾರಿ ನಿಮ್ಮದು ಅಂತ ಹೇಳಿದ್ದೆ ತಾನೇ? ನಾನು ಅಂಗಡಿಗೆ ಹೋಗ್ಬೇಕು, ಸಂಜೆವರೆಗೆ ನೋಡ್ಕೊಳ್ಳಿ."

ಬೆಕ್ಕು ಅವರ ತೋಳಿನಿಂದ ಇಳಿದು, ಕೋಣೆಯ ಗಾಳಿ ಮೂಸಿ, ನೇರ ಮಂಚ ಹತ್ತಿತು. ಚಾಪೆಗೆ ಎರಡು ಸುತ್ತು ಬಂದು ಅದರ ಮೇಲೆ ಮುದುಡಿ ಮಲಗಿತು. ಐದು ನಿಮಿಷವೂ ಬೇಕಾಗಲಿಲ್ಲ.

ಹೆಂಡತಿ ಏನೋ ಹೇಳಲು ಬಾಯಿ ತೆರೆದಳು.

"ಮೆಲ್ಲಗೆ ಮಾತಾಡೇ," ಎಂದ ಮುಚ್ಚಳದಣ್ಣ, ಮಂಚದ ಪಕ್ಕ ಕುರ್ಚಿ ಎಳೆದುಕೊಳ್ಳುತ್ತ. "ಮಲಗಿದೆ."